ಜಹೀರಾಬಾದಿನ ಅಂಬಲಿ ಎಲ್ಲಿಂದ ಬಂತು?

2020ರ ಲಾಕ್‌ಡೌನ್. ಕೂಲಿಕಾರರು ಗಂಟು ಹೊತ್ತು ಹೆದ್ದಾರಿ ಹಿಡಿದು ನಡೆಯುತ್ತಿದ್ದ ದಿನಗಳು. ನಮ್ಮ ಬೀದರಿನ ಪಕ್ಕದ ಜಹೀರಾಬಾದಿನಲ್ಲಿ, ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆಯ ರೈತ ಮಹಿಳೆಯರು ತಮ್ಮ ಮನೆಯ ಧಾನ್ಯವನ್ನೇ ಪರಿಹಾರಕ್ಕೆ ಅಳೆದುಕೊಟ್ಟರು. ಪೊಲೀಸರಿಗೆ, ಪೌರಕಾರ್ಮಿಕರಿಗೆ, ಆರೋಗ್ಯ ಸಿಬ್ಬಂದಿಗೆ ದಿನಾ ಸಾವಿರದಷ್ಟು ಲೋಟ ಅಂಬಲಿ!

ಈ ಮಹಿಳೆಯರೇನು ಸಾಹುಕಾರರಲ್ಲ. ಹೆಚ್ಚಿನವರು ದಲಿತರು, ತುಂಡು ಹೊಲದವರು. ಆದರೆ ಕಷ್ಟಕ್ಕೆ ಧಾನ್ಯ ಕೂಡಿಡುವುದು ಇವರಿಗೆ ಹೊಸದಲ್ಲ; ತೊಂಬತ್ತರ ದಶಕದಲ್ಲೇ ಅದಕ್ಕೊಂದು ಏರ್ಪಾಡು ಮಾಡಿಕೊಂಡಿದ್ದರು. ಬೀಳುಬಿದ್ದ ಹೊಲ ಉತ್ತು ಜೋಳ ಬೆಳೆಯಲು ಸಂಸ್ಥೆಯ ಊರ ಸಂಘದಿಂದ ಸಾಲ. ತೀರಿಸುವುದು ದುಡ್ಡಲ್ಲಲ್ಲ, ಜೋಳದಲ್ಲೇ. ಆ ಜೋಳ ಊರಲ್ಲೇ ಸಂಗ್ರಹವಾಗಿ, ಕಷ್ಟಕಾಲಕ್ಕೆ ಬಡವರಿಗೆ ಕಡಿಮೆ ಬೆಲೆಗೆ ಸಿಗುತ್ತಿತ್ತು. ಬಡವರು ಯಾರೆಂದು ಊರವರೇ ಕೂತು ತೀರ್ಮಾನಿಸುತ್ತಿದ್ದರು. ನನ್ನ ಕೇಳಿದರೆ, ಸರ್ಕಾರಿ ಕಚೇರಿಯ ಪಟ್ಟಿಗಿಂತ ಇದೇ ವಾಸಿ.

2019ರಲ್ಲಿ ಈ ಸಂಸ್ಥೆಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ನಿಮ್ಮೂರಲ್ಲೂ ಇಂಥ ಧಾನ್ಯದ ಸಂಘ ಇದೆಯಾ? ಕಾಮೆಂಟ್‌ನಲ್ಲಿ ಹೇಳಿ.