ಬೊಕ್ಕತಲೆಗೆ ಕೂದಲು ನಾಟಿ: ವೈದ್ಯರ ಆಯ್ಕೆ, ವಿಧಾನದ ಆಯ್ಕೆ

ಊರು ಬಿಟ್ಟು ಮಹಾನಗರಗಳಿಗೆ ಬಂದು ನೆಲೆಸಿದ ಕನ್ನಡಿಗರಲ್ಲಿ ಒಂದು ನಂಬಿಕೆ ಬಲವಾಗಿ ಬೇರೂರಿದೆ. ತಲೆಗೂದಲು ಉದುರುವುದಕ್ಕೆ ಇಲ್ಲಿಯ ನೀರೇ ಕಾರಣ ಎಂಬುದೇ ಆ ನಂಬಿಕೆ. ಮುಂಬಯಿಯವರು ನಲ್ಲಿಯ ನೀರನ್ನು ದೂರಿದರೆ, ಚೆನ್ನೈ, ಹೈದರಾಬಾದುಗಳವರು ಕೊಳವೆ ಬಾವಿಯ ಗಡಸು ನೀರನ್ನು ದೂರುತ್ತಾರೆ. ಗಡಸು ನೀರಿನಿಂದ ಕೂದಲು ಒರಟಾಗುವುದುಂಟು, ಸಿಕ್ಕಾಗುವುದುಂಟು. ಆದರೆ ಹಣೆಯ ಎರಡು ಮೂಲೆಗಳಿಂದ ಹಿಂದೆ ಸರಿಯುತ್ತ, ನೆತ್ತಿಯಲ್ಲಿ ತಟ್ಟೆಯಂತೆ ಅಗಲವಾಗುತ್ತ ಹೋಗುವ ಬೊಕ್ಕತಲೆಗೂ ನೀರಿಗೂ ಸಂಬಂಧವಿಲ್ಲ. ಹಾಗೆ ಸಂಬಂಧವಿದ್ದಿದ್ದರೆ ಅದೇ ನೀರಿನಲ್ಲಿ ಮೀಯುವ ಮನೆಯ ಹೆಂಗಸರ ತಲೆಯೂ ಬೋಳಾಗಬೇಕಾಗಿತ್ತು. ಊರಿನಲ್ಲೇ ಉಳಿದು ಕೆರೆಯ ನೀರಿನಲ್ಲಿ ಮಿಂದ ಅಣ್ಣನ ತಲೆಯ ತುಂಬ ಕೂದಲಿರಬೇಕಾಗಿತ್ತು.

ನಿಜವಾದ ಕಾರಣಗಳು ಎರಡು. ಒಂದು ಅನುವಂಶೀಯತೆ, ಇನ್ನೊಂದು ಪುರುಷ ಹಾರ್ಮೋನು. ತಾಯಿಯ ಕಡೆಯಿಂದ ಮಾತ್ರ ಬರುತ್ತದೆಂಬ ಮಾತು ಪೂರ್ತಿ ನಿಜವಲ್ಲ. ಎರಡೂ ಕಡೆಯಿಂದ ಬರಬಹುದು. ಟೆಸ್ಟೋಸ್ಟೆರೋನ್ ಎಂಬ ಹಾರ್ಮೋನು ದೇಹದಲ್ಲಿ ಡೈಹೈಡ್ರೊಟೆಸ್ಟೋಸ್ಟೆರೋನ್ ಆಗಿ ಮಾರ್ಪಟ್ಟು, ಅದಕ್ಕೆ ಸೂಕ್ಷ್ಮವಾಗಿರುವ ಕೂದಲ ಬೇರುಗಳನ್ನು ವರ್ಷವರ್ಷಕ್ಕೂ ಸಣ್ಣದಾಗಿಸುತ್ತ ಬರುತ್ತದೆ. ದಪ್ಪ ಕೂದಲು ತೆಳುವಾಗಿ, ತೆಳುವಾದದ್ದು ನವಿರಾಗಿ, ಕೊನೆಗೆ ಇಲ್ಲವೇ ಆಗುತ್ತದೆ. ಪ್ರಾಯಕ್ಕೆ ಮೊದಲೇ ವೃಷಣಗಳನ್ನು ಕಳೆದುಕೊಂಡ ಪುರುಷರಿಗೆ ಬೊಕ್ಕತಲೆ ಬರುವುದಿಲ್ಲ ಎಂಬುದನ್ನು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿಯೇ ತೋರಿಸಿದ್ದರು. ತಲೆಯ ಹಿಂಭಾಗ ಹಾಗೂ ಕಿವಿಗಳ ಮೇಲ್ಭಾಗದ ಬೇರುಗಳು ಮಾತ್ರ ಈ ಹಾರ್ಮೋನಿಗೆ ಸಾಮಾನ್ಯವಾಗಿ ಜಗ್ಗುವುದಿಲ್ಲ. ಎಷ್ಟೇ ಬೋಳಾದ ತಲೆಯಲ್ಲೂ ಹಿಂದೆ ಕುದುರೆಯ ಲಾಳದಾಕಾರದ ಕೂದಲ ಪಟ್ಟಿಯೊಂದು ಉಳಿದುಕೊಳ್ಳುವುದು ಇದರಿಂದಲೇ.

ಕೂದಲು ನಾಟಿಯ ಶಾಸ್ತ್ರವೆಲ್ಲ ನಿಂತಿರುವುದು ಈ ಪಟ್ಟಿಯ ಮೇಲೆ. ಹಿಂದಿನಿಂದ ಕಿತ್ತ ಬೇರನ್ನು ಮುಂದೆ ನೆಟ್ಟರೆ ಅದು ತನ್ನ ಹುಟ್ಟುನೆಲದ ಗುಣವನ್ನೇ ಉಳಿಸಿಕೊಳ್ಳುತ್ತದೆ. ಹೊಸ ಜಾಗದ ರೋಗ ಅದಕ್ಕೆ ತಗಲುವುದಿಲ್ಲ. ಜಪಾನಿನ ಶೋಜಿ ಒಕುಡ ಎಂಬ ವೈದ್ಯರು 1939ರಲ್ಲಿಯೇ ಸುಟ್ಟ ಗಾಯಗಳ ಕಲೆಯ ಮೇಲೆ ಕೂದಲಿರುವ ಚರ್ಮದ ಸಣ್ಣ ತುಣುಕುಗಳನ್ನು ನೆಟ್ಟು ಪ್ರಕಟಿಸಿದ್ದರು. ಬರೆದದ್ದು ಜಪಾನಿ ಭಾಷೆಯಲ್ಲಿ. ಬೆನ್ನಿಗೇ ಯುದ್ಧ ಬಂದಿತು. ಹೀಗಾಗಿ ಪಶ್ಚಿಮದ ದೇಶಗಳಿಗೆ ಅದು ಬಹುಕಾಲ ತಿಳಿಯಲಿಲ್ಲ. ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೈಕ್ ಅವರು 1952ರಲ್ಲಿ ಬೊಕ್ಕತಲೆಗೆ ಈ ಚಿಕಿತ್ಸೆಯನ್ನು ಮಾಡಿ, 1959ರಲ್ಲಿ ಮೇಲೆ ಹೇಳಿದ ತತ್ತ್ವವನ್ನು ವಿವರಿಸಿದರು.

ಆದರೆ ಆ ಕಾಲದಲ್ಲಿ ನೆಡುತ್ತಿದ್ದದ್ದು ಸುಮಾರು 4 ಮಿಲಿಮೀಟರ್ ಅಗಲದ ತುಣುಕುಗಳನ್ನು. ಒಂದೊಂದರಲ್ಲಿ ಹತ್ತಿಪ್ಪತ್ತು ಕೂದಲು ಒಟ್ಟಿಗೆ ಎದ್ದು ನಿಂತು, ತಲೆಯು ಅಂಗಡಿಯ ಗೊಂಬೆಯ ತಲೆಯಂತೆ ಕಾಣುತ್ತಿತ್ತು. ಕೂದಲು ಚರ್ಮದಲ್ಲಿ ಒಂಟಿಯಾಗಿ ಹುಟ್ಟುವುದಕ್ಕಿಂತ ಒಂದರಿಂದ ನಾಲ್ಕರವರೆಗಿನ ಸಣ್ಣ ಗುಂಪುಗಳಾಗಿ ಹುಟ್ಟುತ್ತದೆಂಬುದನ್ನು 1984ರಲ್ಲಿ ಹೆಡಿಂಗ್ಟನ್ ವರ್ಣಿಸಿದರು. ಮುಂದೆ ಸೂಕ್ಷ್ಮದರ್ಶಕದ ಕೆಳಗೆ ಈ ಗುಂಪುಗಳನ್ನು ಬೇರ್ಪಡಿಸಿ, ಗುಂಪು ಒಡೆಯದಂತೆ ನೆಡುವ ಪದ್ಧತಿ ಬಂದಿತು. ಈ ಗುಂಪಿಗೇ ಇಂದು ಗ್ರಾಫ್ಟ್ ಎಂಬ ಹೆಸರು. ಈಗ ಯಾರಾದರೂ ಗೊಂಬೆಯ ತಲೆ ಹೊತ್ತು ಬಂದರೆ ಅದಕ್ಕೆ ಕಾರಣ ಶಾಸ್ತ್ರವಲ್ಲ, ಕೈ.

ನಾಟಿ ಎಂಬ ಮಾತು ಭತ್ತದ ಗದ್ದೆಯನ್ನು ಬಲ್ಲವರಿಗೆ ಸಹಜವಾಗಿ ಅರ್ಥವಾಗುತ್ತದೆ. ಆದರೆ ಒಂದು ವ್ಯತ್ಯಾಸವುಂಟು. ಸಸಿಮಡಿಯನ್ನು ಮುಂದಿನ ವರ್ಷ ಮತ್ತೆ ಬಿತ್ತಬಹುದು. ತಲೆಯ ಹಿಂಭಾಗದ ಮಡಿಯಲ್ಲಿ ಒಮ್ಮೆ ಕಿತ್ತ ಜಾಗದಲ್ಲಿ ಮತ್ತೆ ಹುಟ್ಟುವುದಿಲ್ಲ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಹೊಸ ಠೇವಣಿ ಇಲ್ಲ. ಇರುವುದು ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗಾವಣೆ ಮಾತ್ರ. ಹಿಂಭಾಗದಲ್ಲಿ ಒಂದು ಚದರ ಸೆಂಟಿಮೀಟರಿನಲ್ಲಿ ಸುಮಾರು 70 ಗುಂಪುಗಳಿರುತ್ತವೆ. ಹಿಂಭಾಗವೂ ಬೋಳಾಗಿ ಕಾಣದಂತೆ ಇಡೀ ಜೀವಮಾನದಲ್ಲಿ ತೆಗೆಯಬಹುದಾದದ್ದು ಸಾಮಾನ್ಯವಾಗಿ ಆರು ಸಾವಿರದ ಆಸುಪಾಸು, ಹಲವರಲ್ಲಿ ಅದಕ್ಕೂ ಕಡಿಮೆ. ಮುಂಭಾಗದ 70 ಚದರ ಸೆಂಟಿಮೀಟರಿಗೆ 35ರಂತೆ ನೆಟ್ಟರೂ 2,450 ಗ್ರಾಫ್ಟುಗಳು ಬೇಕು. ತಲೆಯ ಮೇಲ್ಭಾಗವೆಲ್ಲ ಬೋಳಾಗಿ 200 ಚದರ ಸೆಂಟಿಮೀಟರ್ ಆದವರಿಗೆ ಅದೇ ದರದಲ್ಲಿ 7,000 ಬೇಕು. ಖಾತೆಯಲ್ಲಿ ಅಷ್ಟಿಲ್ಲ. ಆದ್ದರಿಂದ ಹದಿನೆಂಟರ ತಲೆಯನ್ನು ಮರಳಿ ಕೊಡುತ್ತೇವೆಂದು ಹೇಳುವವರು ಈ ಸರಳ ಗಣಿತವನ್ನು ಮರೆತಿರುತ್ತಾರೆ, ಇಲ್ಲವೇ ಗಿರಾಕಿ ಮರೆಯಲೆಂದು ಬಯಸುತ್ತಾರೆ. ಒಳ್ಳೆಯ ವೈದ್ಯರು ಮುಂಭಾಗಕ್ಕೆ ಆದ್ಯತೆ ಕೊಟ್ಟು, ನೆತ್ತಿಯನ್ನು ತೆಳುವಾಗಿಯೇ ಬಿಟ್ಟು, ಮುಂದಿನ ದಿನಗಳಿಗೆಂದು ಒಂದಿಷ್ಟು ಶಿಲ್ಕು ಉಳಿಸುತ್ತಾರೆ.

ಈ ಕಾರಣದಿಂದಲೇ ವಯಸ್ಸಿನ ಪ್ರಶ್ನೆ ಮುಖ್ಯವಾಗುತ್ತದೆ. ಇಪ್ಪತ್ತೆರಡು, ಇಪ್ಪತ್ಮೂರರ ತರುಣನಿಗೆ ಹೆಣ್ಣು ನೋಡುವ ಮಾತು ಬಂದಾಗ ಮನೆಯವರೇ ಅವಸರ ಮಾಡುವುದುಂಟು. ಅವನ ಕೂದಲು ಇನ್ನೂ ಎಲ್ಲಿಯವರೆಗೆ ಹಿಂದೆ ಸರಿಯುವುದೋ ಯಾರೂ ಬಲ್ಲವರಿಲ್ಲ. ಆಗ ಹಣೆಯ ಮೇಲೆ ಕೆಳಕ್ಕೆ ಗೆರೆ ಎಳೆದು ನೆಟ್ಟರೆ, ನಲವತ್ತರಲ್ಲಿ ಮುಂದೊಂದು ಕೂದಲ ದಿಬ್ಬ, ಅದರ ಹಿಂದೆ ಬಯಲು ಎಂಬಂತಾಗುತ್ತದೆ. ಅಂಥವರಿಗೆ ಮೊದಲು ಔಷಧವೇ ಸರಿ. ರಕ್ತದೊತ್ತಡದ ಔಷಧವಾಗಿ ಹುಟ್ಟಿ 1988ರಲ್ಲಿ ಅಮೆರಿಕದಲ್ಲಿ ಕೂದಲಿಗೆಂದು ಮಾನ್ಯತೆ ಪಡೆದ ಮಿನಾಕ್ಸಿಡಿಲ್ ಲೇಪ, 1997ರಲ್ಲಿ ಮಾನ್ಯತೆ ಪಡೆದ ಫಿನಾಸ್ಟರೈಡ್ ಮಾತ್ರೆ, ಇವೆರಡೂ ಇರುವ ಕೂದಲನ್ನು ಉಳಿಸಲು ನೆರವಾಗುತ್ತವೆ. ನಿಲ್ಲಿಸಿದರೆ ಲಾಭವೂ ನಿಲ್ಲುತ್ತದೆ. ಫಿನಾಸ್ಟರೈಡ್ ಕೆಲವರಲ್ಲಿ ಲೈಂಗಿಕ ತೊಂದರೆಗಳನ್ನು ಉಂಟುಮಾಡುವುದುಂಟು. ಪ್ರಾಸ್ಟೇಟ್ ಪರೀಕ್ಷೆಯ ಪಿ.ಎಸ್.ಎ. ಅಂಕಿಯನ್ನು ಅದು ಸುಮಾರು ಅರ್ಧಕ್ಕಿಳಿಸುವುದರಿಂದ, ವಯಸ್ಸಾದವರು ತಾವು ಸೇವಿಸುತ್ತಿರುವ ಸಂಗತಿಯನ್ನು ವೈದ್ಯರಿಗೆ ತಿಳಿಸಲೇಬೇಕು. ಔಷಧದ ಅಂಗಡಿಯಲ್ಲಿ ಕೇಳಿ ತಂದು ನುಂಗತಕ್ಕ ಮಾತ್ರೆ ಇದಲ್ಲ.

ಎಲ್ಲ ಕೂದಲುದುರುವಿಕೆಯೂ ನಾಟಿಗೆ ತಕ್ಕದ್ದಲ್ಲ. ಟೈಫಾಯಿಡ್, ಡೆಂಗೆ, ಹೆರಿಗೆಗಳ ಎರಡು ಮೂರು ತಿಂಗಳ ಅನಂತರ ರಾಶಿರಾಶಿಯಾಗಿ ಉದುರುವ ಕೂದಲು ಬಹುಮಟ್ಟಿಗೆ ತಾನಾಗಿಯೇ ಮರಳುತ್ತದೆ. ರಕ್ತಹೀನತೆ, ಥೈರಾಯ್ಡ್ ದೋಷಗಳಿಗೆ ಅವುಗಳದೇ ಚಿಕಿತ್ಸೆಯಿದೆ. ನಾಣ್ಯದಗಲ ಬೋಳಾಗುವ ರೋಗದಲ್ಲಿ, ಚರ್ಮದ ಉರಿಯೂತದಿಂದ ಕಲೆಗಟ್ಟುವ ರೋಗಗಳು ಚುರುಕಾಗಿರುವಾಗ, ನೆಟ್ಟ ಕೂದಲೂ ನಾಶವಾಗಬಹುದು. ಹೆಂಗಸರಲ್ಲಿ ಹಲವರಿಗೆ ಹಿಂಭಾಗವೂ ತೆಳುವಾಗುತ್ತಿರುವುದರಿಂದ ಕೀಳುವ ಜಾಗವೇ ಇರುವುದಿಲ್ಲ. ಆದ್ದರಿಂದ ಮೊದಲು ಹೋಗಬೇಕಾದದ್ದು ಚರ್ಮರೋಗ ತಜ್ಞರಲ್ಲಿಗೆ, ನಾಟಿಯ ಅಂಗಡಿಗಲ್ಲ.

ಇನ್ನು ವಿಧಾನಗಳು. ಹೆಸರುಗಳು ಹಲವಾದರೂ ಮೂಲತಃ ಇರುವುದು ಎರಡೇ, ಮತ್ತು ಅವುಗಳ ಭೇದವಿರುವುದು ಕೀಳುವುದರಲ್ಲಿ, ನೆಡುವುದರಲ್ಲಲ್ಲ. ಎಫ್.ಯು.ಟಿ. ಎಂಬ ಪಟ್ಟಿಯ ವಿಧಾನದಲ್ಲಿ ಹಿಂದಲೆಯಿಂದ ಒಂದೊಂದೂವರೆ ಸೆಂಟಿಮೀಟರ್ ಅಗಲದ ಚರ್ಮದ ಪಟ್ಟಿಯನ್ನು ತೆಗೆದು, ಗಾಯವನ್ನು ಹೊಲಿದು, ಪಟ್ಟಿಯಿಂದ ಗುಂಪುಗಳನ್ನು ಸೂಕ್ಷ್ಮದರ್ಶಕದಡಿ ಬಿಡಿಸುತ್ತಾರೆ. ತಲೆಯನ್ನೆಲ್ಲ ಬೋಳಿಸಬೇಕಾಗಿಲ್ಲ, ಬೇರುಗಳಿಗೆ ಪೆಟ್ಟು ಕಡಿಮೆ. ಹಿಂದೆ ಉದ್ದನೆಯ ಗೆರೆಯೊಂದು ಉಳಿಯುತ್ತದೆ, ಕೂದಲನ್ನು ಬಹಳ ಗಿಡ್ಡವಾಗಿ ಕತ್ತರಿಸಿದರೆ ಅದು ಕಾಣುತ್ತದೆ. ಎಫ್.ಯು.ಇ. ಎಂಬುದು 2002ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಲ್ಪಟ್ಟು ಜನಪ್ರಿಯವಾದ ವಿಧಾನ. ಒಂದು ಮಿಲಿಮೀಟರ್ ಅಥವಾ ಅದಕ್ಕಿಂತಲೂ ಸಣ್ಣ ಕೊಳವೆಯಂಥ ಅಲಗಿನಿಂದ ಗುಂಪುಗಳನ್ನು ಒಂದೊಂದಾಗಿ ಕೊರೆದು ತೆಗೆಯುತ್ತಾರೆ. ಹೊಲಿಗೆಯಿಲ್ಲ, ಉದ್ದ ಗೆರೆಯಿಲ್ಲ, ಬೇಗ ಕೆಲಸಕ್ಕೆ ಮರಳಬಹುದು. ಆದರೆ ಕಲೆಯೇ ಇಲ್ಲವೆಂಬ ಪ್ರಚಾರ ಸುಳ್ಳು. ಸಾವಿರಾರು ಬಿಳಿಯ ಚುಕ್ಕೆಗಳಿರುತ್ತವೆ. ಕೊರೆಯುವ ಕೈ ಪಳಗಿರದಿದ್ದರೆ ಚರ್ಮದೊಳಗೆ ಬಾಗಿರುವ ಬೇರು ಕತ್ತರಿಸಿಹೋಗುತ್ತದೆ. ಆಸೆಬುರುಕತನದಿಂದ ಅತಿಯಾಗಿ ಕಿತ್ತರೆ ಹಿಂದಲೆಯು ಹುಳು ತಿಂದ ಕಂಬಳಿಯಂತಾಗುತ್ತದೆ, ಅದನ್ನು ಸರಿಪಡಿಸಲು ದಾರಿ ಕಡಿಮೆ. ಗಾಯ ಉಬ್ಬಿ ದಪ್ಪ ಕಲೆಯಾಗುವ ಸ್ವಭಾವದ ಚರ್ಮವುಳ್ಳವರು ಎರಡಕ್ಕೂ ಮುನ್ನ ಅದನ್ನು ತಿಳಿಸಬೇಕು.

ಜಾಹೀರಾತುಗಳಲ್ಲಿ ಕಾಣುವ ನೀಲಮಣಿಯ ಅಲಗು, ಲೇಖನಿಯಂಥ ನೆಡುವ ಉಪಕರಣ, ಯಂತ್ರಮಾನವ ಇವೆಲ್ಲ ಸಲಕರಣೆಗಳೇ ಹೊರತು ಬೇರೆ ಶಾಸ್ತ್ರಗಳಲ್ಲ. ಸಲಕರಣೆಯನ್ನು ನೋಡಿ ವೈದ್ಯರನ್ನು ಆರಿಸುವುದು, ಹೊಲಿಗೆಯಂತ್ರದ ಕಂಪನಿ ನೋಡಿ ದರ್ಜಿಯನ್ನು ಆರಿಸಿದಂತೆ.

ಆಯ್ಕೆಯ ನಿಜವಾದ ಭಾರವಿರುವುದು ವೈದ್ಯರ ವಿಷಯದಲ್ಲಿ. ಇದು ಸೌಂದರ್ಯದ ಮಾತೆಂದು ಹಗುರವಾಗಿ ತೆಗೆದುಕೊಳ್ಳುವವರು ಎರಡು ಘಟನೆಗಳನ್ನು ನೆನೆಯಬೇಕು. 2016ರಲ್ಲಿ ಚೆನ್ನೈಯಲ್ಲಿ 22 ವರ್ಷದ ವೈದ್ಯವಿದ್ಯಾರ್ಥಿಯೊಬ್ಬನೇ ಕೂದಲು ನಾಟಿಯ ಅನಂತರ ತೀರಿಕೊಂಡನು. ಸ್ವತಃ ವೈದ್ಯಶಾಸ್ತ್ರ ಓದುತ್ತಿದ್ದವನು. 2019ರ ಮಾರ್ಚಿಯಲ್ಲಿ ಮುಂಬಯಿಯ 43 ವರ್ಷದ ವ್ಯಾಪಾರಿಯೊಬ್ಬರಿಗೆ ಒಂದೇ ಪಟ್ಟಿನಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಗ್ರಾಫ್ಟುಗಳನ್ನು ನೆಡಲಾಯಿತೆಂದೂ, ಅವರು ಎರಡೇ ದಿನಗಳಲ್ಲಿ ಮರಣಹೊಂದಿದರೆಂದೂ ಪತ್ರಿಕೆಗಳಲ್ಲಿ ವರದಿಯಾಯಿತು. ದೆಹಲಿಯ ಇಂಥದೇ ಪ್ರಕರಣವೊಂದು 2022ರಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಮಾರ್ಗಸೂಚಿ ಹೊರಡಿಸಿ, ಈ ಚಿಕಿತ್ಸೆ ತರಬೇತಿ ಪಡೆದ ಪ್ಲಾಸ್ಟಿಕ್ ಸರ್ಜರಿ ಹಾಗೂ ಚರ್ಮರೋಗ ತಜ್ಞರ ಕೆಲಸವೆಂದೂ, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಾಗದೆಂದೂ ಹೇಳಿತು. ಹೀಗೆಂದು ಬರೆದು ಹೇಳಬೇಕಾದ ಪರಿಸ್ಥಿತಿ ಒದಗಿತೆಂಬುದನ್ನು ಓದುಗರು ಗಮನಿಸಬೇಕು.

ಅಪಾಯ ಎಲ್ಲಿಂದ ಬರುತ್ತದೆ? ಮುಖ್ಯವಾಗಿ ಮರಗಟ್ಟಿಸುವ ಔಷಧದಿಂದ, ಮತ್ತು ಸೋಂಕಿನಿಂದ. ಲಿಗ್ನೊಕೇನನ್ನು ಅಡ್ರಿನಲಿನ್ ಜೊತೆಗೆ ಕೊಡುವಾಗ ದೇಹತೂಕದ ಪ್ರತಿ ಕಿಲೋಗೆ 7 ಮಿಲಿಗ್ರಾಂ ಗರಿಷ್ಠ ಮಿತಿ. 60 ಕಿಲೋ ತೂಕದವರಿಗೆ 420 ಮಿಲಿಗ್ರಾಂ. ಶೇಕಡಾ 2ರ ದ್ರಾವಣವಾದರೆ ಇದು 21 ಮಿಲಿಲೀಟರ್ ಮಾತ್ರ. ಸೆಷನ್ ಉದ್ದವಾದಂತೆ ಚುಚ್ಚುಮದ್ದು ಮತ್ತೆ ಮತ್ತೆ ಬೀಳುತ್ತದೆ, ಲೆಕ್ಕವಿಡುವವರಿಲ್ಲದಿದ್ದರೆ ಮಿತಿ ಮೀರುತ್ತದೆ. ಹೃದಯದ ಬಡಿತ ಕೆಡಬಹುದು, ಅಪಸ್ಮಾರ ಬರಬಹುದು. ಕಿತ್ತ ಬೇರೂ ಹೊರಗೆ ಕಾದಷ್ಟು ಸೊರಗುತ್ತದೆ. ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸಿಕೊಡುವ ಕೊಡುಗೆಯನ್ನು ಈ ದೃಷ್ಟಿಯಿಂದ ನೋಡಬೇಕು. ಆಮ್ಲಜನಕ, ಹೃದಯ ಬಡಿತ ತೋರಿಸುವ ಯಂತ್ರ, ತುರ್ತು ಔಷಧಗಳು, ಹತ್ತಿರದ ಆಸ್ಪತ್ರೆಯೊಡನೆ ಏರ್ಪಾಡು ಇವೆಯೇ ಎಂದು ಕೇಳಿದರೆ ಸಜ್ಜನ ವೈದ್ಯರು ಬೇಸರಿಸುವುದಿಲ್ಲ. ಮಧುಮೇಹ, ರಕ್ತದೊತ್ತಡ, ಹೃದ್ರೋಗ, ರಕ್ತ ತೆಳುವಾಗಿಸುವ ಮಾತ್ರೆ, ಔಷಧದ ಅಲರ್ಜಿ ಇವುಗಳಲ್ಲಿ ಯಾವುದನ್ನೂ ಮುಚ್ಚಿಡಬಾರದು.

ಕೇಳಬೇಕಾದ ಇನ್ನೊಂದು ಪ್ರಶ್ನೆ, ಕೆಲಸ ಮಾಡುವವರು ಯಾರು ಎಂಬುದು. ಹಲವು ಕಡೆ ತಜ್ಞರು ಗೆರೆ ಎಳೆದು, ಹಸ್ತಲಾಘವ ಕೊಟ್ಟು ಹೊರಟುಹೋಗುತ್ತಾರೆ. ಉಳಿದದ್ದು ಸಹಾಯಕರ ಪಾಲು. ಬೇರುಗಳನ್ನು ಬಿಡಿಸುವುದಕ್ಕೆ, ಸಿದ್ಧವಾದ ರಂಧ್ರಗಳಲ್ಲಿ ಕೂರಿಸುವುದಕ್ಕೆ ಪಳಗಿದ ಸಹಾಯಕರಿರುವುದು ವಾಡಿಕೆ, ತಪ್ಪಲ್ಲ. ಆದರೆ ಮುಂಗೂದಲ ಗೆರೆಯ ನಿರ್ಣಯ, ಮರಗಟ್ಟಿಸುವುದು, ಚರ್ಮ ಕೊಯ್ಯುವುದು ಅಥವಾ ಕೊರೆಯುವುದು, ನೆಡುವ ರಂಧ್ರಗಳ ಕೋನ ಮತ್ತು ದಿಕ್ಕು ಇವು ವೈದ್ಯರ ಕೈಯವೇ ಆಗಿರತಕ್ಕದ್ದು. ವೈದ್ಯರ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆದು, ರಾಜ್ಯ ವೈದ್ಯಕೀಯ ಪರಿಷತ್ತಿನಲ್ಲಿ ತಾಳೆ ನೋಡಬಹುದು. ಒಂದು ವರ್ಷ ಕಳೆದ ಹಳೆಯ ರೋಗಿಗಳನ್ನು, ಸಾಧ್ಯವಾದರೆ ಭಾವಚಿತ್ರದಲ್ಲಲ್ಲದೆ ಎದುರಿಗೆ, ಹಗಲು ಬೆಳಕಿನಲ್ಲಿ ನೋಡುವುದು ಉತ್ತಮ, ಹಿಂದಲೆಯನ್ನೂ ನೋಡಬೇಕು. ನಿಮಗೆ ನಾಟಿ ಬೇಡವೆಂದು ಕೆಲವರಿಗಾದರೂ ಹೇಳಿ ಕಳುಹಿಸುವ ವೈದ್ಯರಿದ್ದರೆ, ಅವರಲ್ಲಿಗೆ ಹೋಗುವುದೇ ಲೇಸು.

ಹಣದ ಮಾತು. ದರವನ್ನು ಗ್ರಾಫ್ಟಿನ ಲೆಕ್ಕದಲ್ಲಿ ಹೇಳುವುದು ರೂಢಿ. ಕೆಲವರು ಕೂದಲಿನ ಲೆಕ್ಕದಲ್ಲಿ ಹೇಳಿ ಅಂಕಿಯನ್ನು ಹಿಗ್ಗಿಸುತ್ತಾರೆ. ಒಂದು ಗ್ರಾಫ್ಟಿನಲ್ಲಿ ಸರಾಸರಿ ಎರಡು ಕೂದಲಿರುವುದರಿಂದ ಐದು ಸಾವಿರ ಕೂದಲೆಂದರೆ ಸುಮಾರು ಎರಡೂವರೆ ಸಾವಿರ ಗ್ರಾಫ್ಟುಗಳೇ. ಮೆಡಿಕ್ಲೇಮ್ ಪಾಲಿಸಿಗಳು ಸೌಂದರ್ಯ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಆಸ್ಪತ್ರೆಯ ಸೇವೆಗಳಿಗಿರುವ ಜಿ.ಎಸ್.ಟಿ. ವಿನಾಯಿತಿಯೂ, ಹುಟ್ಟಿನ ದೋಷ ಅಥವಾ ಗಾಯದಿಂದಾದ ಊನವನ್ನು ಸರಿಪಡಿಸುವ ಸಂದರ್ಭದ ಹೊರತು, ಕೂದಲು ನಾಟಿಗಿಲ್ಲ. ಆದ್ದರಿಂದ ಹೇಳಿದ ದರ ತೆರಿಗೆ ಸೇರಿಯೋ ಸೇರದೆಯೋ ಎಂದು ಮೊದಲೇ ಬರೆಸಿಕೊಳ್ಳಬೇಕು. ಹಬ್ಬದ ರಿಯಾಯಿತಿ, ಸುಲಭ ಕಂತು, ಇಂದೇ ಮುಂಗಡ ಕಟ್ಟಿದರೆ ಅರ್ಧ ಬೆಲೆ ಎಂಬವು ಬಟ್ಟೆಯಂಗಡಿಗೆ ಸರಿ. ಚಿನ್ನದ ಸೂಜಿಯೆಂದು ಕಣ್ಣು ಚುಚ್ಚಿಕೊಳ್ಳುವವರುಂಟೆ? ಗ್ರಾಫ್ಟಿನ ಸಂಖ್ಯೆ, ವೈದ್ಯರ ಹೆಸರು, ಬಳಸಿದ ಔಷಧ ಇವಿಷ್ಟಿರುವ ದಾಖಲೆ ಹಾಗೂ ರಸೀದಿ ಕೈಯಲ್ಲಿರಲಿ. ಹಣ ಪಡೆದು ಮಾಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ತೀರ್ಮಾನಿಸಿದೆ. ದೂರು ನಿಲ್ಲುವುದು ಕಾಗದದ ಮೇಲೆಯೇ.

ನಾಟಿಯಾದ ಅನಂತರ ಮೊದಲ ಒಂದೆರಡು ದಿನ ಹಣೆ, ಕಣ್ಣಿನ ಸುತ್ತ ಊತ ಕಾಣಿಸಿಕೊಳ್ಳಬಹುದು. ಹೊಪ್ಪಳೆಗಳು ಹತ್ತು ದಿನಗಳ ಸುಮಾರಿಗೆ ಉದುರುತ್ತವೆ. ಅವನ್ನು ಕೆರೆಯಬಾರದು. ಜ್ವರ, ಕೀವು, ಹೆಚ್ಚುತ್ತಿರುವ ನೋವು, ಉಸಿರಾಟದ ತೊಂದರೆ ಇವು ಯಾವುವೂ ಸಹಜವಲ್ಲ. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಾಡಿಸಿಕೊಂಡವರನ್ನು ಹೆಚ್ಚು ಕಂಗೆಡಿಸುವುದು ಎರಡರಿಂದ ಆರು ವಾರಗಳ ನಡುವಿನ ಕಾಲ. ನೆಟ್ಟ ಕೂದಲೆಲ್ಲ ಆಗ ಉದುರಿಹೋಗುತ್ತದೆ, ಹಣವೂ ಹೋಯಿತು ಕೂದಲೂ ಹೋಯಿತು ಎನಿಸುತ್ತದೆ. ಉದುರಿದ್ದು ಕಾಂಡ ಮಾತ್ರ, ಬೇರು ಒಳಗೇ ಇರುತ್ತದೆ. ಮೂರು ನಾಲ್ಕು ತಿಂಗಳಿಗೆ ನವಿರಾದ ಚಿಗುರು ಕಾಣಿಸಿಕೊಂಡು, ವರ್ಷ ತುಂಬುವ ಹೊತ್ತಿಗೆ ದಪ್ಪವಾಗುತ್ತದೆ. ನೆತ್ತಿಯ ಭಾಗಕ್ಕೆ ಹದಿನೆಂಟು ತಿಂಗಳೂ ಹಿಡಿಯಬಹುದು. ಎರಡನೆಯ ನಾಟಿಯ ಮಾತನ್ನು ಅದಕ್ಕೆ ಮುಂಚೆ ಎತ್ತುವ ಕಾರಣವಿಲ್ಲ.