ಮನಸ್ಸನ್ನು ಅಳೆಯುವ ಲೆಕ್ಕ ಬಂದ ದಾರಿ

ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗ ಶುರುವಾದಾಗ ಅದರ ಹೊಣೆ ಹೊತ್ತವರು ಎಂ. ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಬಾನುಲಿ ಕೇಂದ್ರ ನಡೆಸಿ ನಾಡಿಗೆಲ್ಲ ಪರಿಚಿತರಾದವರೂ ಅವರೇ. ಲಂಡನ್ನಿನಲ್ಲಿ ಅವರಿಗೆ ಗುರುಗಳಾಗಿದ್ದವರು ಚಾರ್ಲ್ಸ್ ಸ್ಪಿಯರ್‌ಮನ್.

ಒಂದು ವಿಷಯದಲ್ಲಿ ಮುಂದಿರುವ ಮಗು ಮಿಕ್ಕವುಗಳಲ್ಲೂ ಸಾಮಾನ್ಯವಾಗಿ ಮುಂದಿರುತ್ತದೆ ಎಂಬುದನ್ನು ಸ್ಪಿಯರ್‌ಮನ್ 1904ರಲ್ಲಿ ಶಾಲಾ ಮಕ್ಕಳನ್ನು ಪರೀಕ್ಷಿಸಿ ತೋರಿಸಿದ್ದರು. ‘ಸಾಮಾನ್ಯವಾಗಿ’ ಅಂದರೆ ಎಷ್ಟು? ಅದಕ್ಕೆ ಸಹಸಂಬಂಧದ ಲೆಕ್ಕ ಬೇಕಾಯಿತು. ಅಂಕಗಳ ಬದಲು ಸ್ಥಾನಗಳನ್ನು ಹೋಲಿಸುವ, ಅವರ ಹೆಸರಿನ ಸೂತ್ರವನ್ನು ಮನಃಶಾಸ್ತ್ರದ ವಿದ್ಯಾರ್ಥಿಗಳು ಈಗಲೂ ಕಲಿಯುತ್ತಾರೆ.

ಧಾರವಾಡದ ಕಡೆ ವಿ. ವಿ. ಕಾಮತ್ ಇನ್ನೊಂದು ಕಷ್ಟದ ಕೆಲಸಕ್ಕೆ ಕೈಹಾಕಿದರು. ಪ್ಯಾರಿಸ್ಸಿನ ಬಿನೆ ರೂಪಿಸಿದ್ದ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿ, 1934ರಲ್ಲಿ ಅದರ ವಿವರ ಪ್ರಕಟಿಸಿದರು. ಪ್ರಶ್ನೆಗಳನ್ನು ಅನುವಾದಿಸಿದರಷ್ಟೇ ಸಾಲದು. ಯಾವ ವಯಸ್ಸಿನ ಮಗು ಯಾವುದಕ್ಕೆ ಉತ್ತರಿಸಬಲ್ಲದು ಎಂಬುದನ್ನು ಇಲ್ಲಿನ ಮಕ್ಕಳನ್ನೇ ಪರೀಕ್ಷಿಸಿ ಹೊಸದಾಗಿ ಗೊತ್ತುಮಾಡಬೇಕು. ಯಾರನ್ನು ಅಳೆದು ಅಳತೆಗೋಲು ಮಾಡಿದರು ಎಂಬುದು ತಿಳಿಯದೆ ಒಂದು ಅಂಕಕ್ಕೆ ಅರ್ಥ ಬರುವುದಿಲ್ಲ.

ಸರಿ, ಅಂಕ ಸಿಕ್ಕಿತು. ಎರಡು ಗುಂಪುಗಳ ನಡುವೆ ವ್ಯತ್ಯಾಸವೂ ಕಂಡಿತು. ಅದು ನಿಜವಾದದ್ದೋ, ಆಕಸ್ಮಿಕವೋ?

ಈ ಪ್ರಶ್ನೆಗೆ ದಾರಿ ತೋರಿಸಿದವರು ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್. ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ 1908ರಲ್ಲಿ ಅವರು ಬರೆದ ಲೇಖನದಲ್ಲಿ ಹತ್ತು ರೋಗಿಗಳ ನಿದ್ದೆಯ ಲೆಕ್ಕವಿದೆ. ಎರಡು ಔಷಧಿಗಳನ್ನೂ ಎಲ್ಲ ಹತ್ತು ಮಂದಿಗೂ ಕೊಟ್ಟಿದ್ದರು. ಎರಡನೆಯದರಿಂದ ಒಂಬತ್ತು ಮಂದಿಗೆ ಹೆಚ್ಚು ನಿದ್ದೆ ಬಂದಿತ್ತು. ಒಬ್ಬರಿಗೆ ಎರಡೂ ಸಮ. ವ್ಯತ್ಯಾಸದ ಸರಾಸರಿ 1.58 ಗಂಟೆ, ಮಾನಕ ವಿಚಲನೆ 1.23. ಇದನ್ನು ಹತ್ತರ ವರ್ಗಮೂಲದಿಂದ ಭಾಗಿಸಿದರೆ 0.39, ಸರಾಸರಿಯಲ್ಲಿ ಅಂಥ ನಾಲ್ಕು ಪಾಲಿಗಿಂತ ತುಸು ಹೆಚ್ಚಿದೆ. ಇದೇ ಟಿ ಬೆಲೆ. ಔಷಧಿಗಳ ನಡುವೆ ಭೇದವೇ ಇಲ್ಲ ಎಂದಿಟ್ಟುಕೊಂಡರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಬರುವ ಸಂಭವ ಸಾವಿರಕ್ಕೆ ಸುಮಾರು ಮೂರು.

‘ಭೇದವಿಲ್ಲ’ ಎಂಬ ಈ ಊಹೆಗೆ ಶೂನ್ಯ ಪ್ರಾಕ್ಕಲ್ಪನೆ ಎನ್ನುತ್ತಾರೆ. ಅಂಥ ಸಂಭವಕ್ಕೆ ಇಪ್ಪತ್ತರಲ್ಲಿ ಒಂದು, ಅಂದರೆ 0.05 ಎಂಬ ಗಡಿಯನ್ನು ಅನುಕೂಲದ ಗೆರೆಯಾಗಿ ರೂಢಿಗೆ ತಂದದ್ದು ರೊನಾಲ್ಡ್ ಫಿಷರ್ ಅವರ 1925ರ ಪುಸ್ತಕ. ಜೆರ್ಜಿ ನೇಮನ್ ಮತ್ತು ಈಗನ್ ಪಿಯರ್ಸನ್ ಎರಡು ಬಗೆಯ ತಪ್ಪುಗಳನ್ನು ಬೇರ್ಪಡಿಸಿದರು: ಇಲ್ಲದ ಭೇದವನ್ನು ಇದೆ ಎನ್ನುವುದು, ಇರುವ ಭೇದವನ್ನು ಕಾಣದೇ ಹೋಗುವುದು. ವಿದ್ಯಾರ್ಥಿಗಳು ಎಡವುವ ಜಾಗ ಬೇರೆ. ಆ ಸಂಭವ 0.03 ಎಂದು ಬಂದ ಕೂಡಲೇ ‘ಶೂನ್ಯ ಪ್ರಾಕ್ಕಲ್ಪನೆ ನಿಜವಾಗಿರುವ ಸಂಭವ ಶೇ 3’ ಎಂದು ಬರೆದುಬಿಡುತ್ತಾರೆ. ಆ ಸಂಖ್ಯೆ ಹಾಗೆ ಹೇಳುವುದೇ ಇಲ್ಲ.

ಈ ಲೆಕ್ಕಕ್ಕೆ ಕೋಲಾರ ಜಿಲ್ಲೆಗಿಂತ ಒಳ್ಳೆಯ ನೆಲ ಸಿಗುವುದು ಅಪರೂಪ. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಪಾಠ ಕನ್ನಡ. ಮಾಲೂರಿನ ಗಡಿಯತ್ತ ಹೋದರೆ ತಮಿಳೂ ಕಿವಿಗೆ ಬೀಳುತ್ತದೆ. ಇಲ್ಲಿನ ಮಕ್ಕಳಿಗೆ ಕನ್ನಡದಲ್ಲಿ ಮಾತ್ರ ಅಂಕಿಗಳ ಸಾಲು ಓದಿ, ಮರಳಿ ಹೇಳಿಸಿ, ಜ್ಞಾಪಕಶಕ್ತಿ ಕಡಿಮೆ ಎಂದು ತೀರ್ಮಾನಿಸಿದರೆ ಆ ಮಕ್ಕಳಿಗೆ ಅನ್ಯಾಯ. ಅಳೆದದ್ದು ಜ್ಞಾಪಕವನ್ನೋ, ಭಾಷೆಯ ರೂಢಿಯನ್ನೋ?

ಕೋಲಾರದ ಟಮಕದಲ್ಲಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ವ್ಯಾಪ್ತಿಯ ಯಾವ ವಿದ್ಯಾರ್ಥಿಯಾದರೂ ಇದನ್ನು ಪರೀಕ್ಷಿಸಬಹುದು. ಮನೆಯಲ್ಲಿ ತೆಲುಗಾಡುವ ಮಕ್ಕಳಿಗೆ ಎರಡೂ ಭಾಷೆಯಲ್ಲಿ ಅಂಕಿಗಳನ್ನು ಓದಬೇಕು. ಅಭ್ಯಾಸದ ಲಾಭ ಒಂದೇ ಭಾಷೆಗೆ ಸಲ್ಲದಂತೆ ಅರ್ಧ ಮಕ್ಕಳಿಗೆ ತೆಲುಗು ಮೊದಲು, ಉಳಿದರ್ಧಕ್ಕೆ ಕನ್ನಡ ಮೊದಲು. ಎಷ್ಟು ಮಕ್ಕಳು, ಯಾವ ಗಡಿ ಎಂಬುದನ್ನು ಅಂಕ ನೋಡುವ ಮೊದಲೇ ಬರೆದಿಡಬೇಕು. ಆಮೇಲೆ ಒಂದೊಂದು ಮಗುವಿನ ಎರಡು ಅಂಕಗಳ ವ್ಯತ್ಯಾಸ ತೆಗೆದರಾಯಿತು. ಮುಂದಿನದು ಗಾಸೆಟ್ ಹತ್ತು ರೋಗಿಗಳಿಗೆ ಮಾಡಿದ ಲೆಕ್ಕವೇ.