ಕ್ಯಾನನ್ ಮೇಲೋ, ನಿಕಾನ್ ಮೇಲೋ?

ಕ್ಯಾಮರಾ ಕೊಳ್ಳಲು ಹೊರಟ ನಾವು ಅಂಗಡಿಯಲ್ಲಿ ಮೊದಲು ಕೇಳುವುದು ‘ಇದು ಎಷ್ಟು ಮೆಗಾಪಿಕ್ಸೆಲ್?’ ಎಂದು. ಸಂಖ್ಯೆ ದೊಡ್ಡದಾದಷ್ಟೂ ಚಿತ್ರ ಚೆನ್ನ ಎಂದೇ ನಮ್ಮ ನಂಬಿಕೆ. ಸಾವಿರಾರು ರೂಪಾಯಿ ತೆರುವ ಮುನ್ನ ಇದರ ನಿಜವನ್ನು ತಿಳಿಯುವುದು ಒಳ್ಳೆಯದು.

ಹಿಂದೆ ಫಿಲ್ಮ್ ಇರುತ್ತಿದ್ದ ಜಾಗದಲ್ಲಿ ಡಿಜಿಟಲ್ ಕ್ಯಾಮರಾದಲ್ಲಿ ಸೆನ್ಸರ್ ಎಂಬ ಬಿಲ್ಲೆಯಿದೆ. ಅದರ ತುಂಬ ಬೆಳಕು ಹಿಡಿಯುವ ಪುಟ್ಟ ಕೋಶಗಳು. ಹತ್ತು ಲಕ್ಷ ಕೋಶಗಳಾದರೆ ಒಂದು ಮೆಗಾಪಿಕ್ಸೆಲ್. ಅಂಗಳದಲ್ಲಿ ಮಳೆನೀರಿಗೆ ಪಾತ್ರೆಗಳನ್ನಿಟ್ಟಂತೆ ಎನ್ನೋಣ. ಅಂಗಳ ಇದ್ದಷ್ಟೇ, ಪಾತ್ರೆಗಳ ಸಂಖ್ಯೆ ಹೆಚ್ಚಬೇಕಾದರೆ ಒಂದೊಂದೂ ಚಿಕ್ಕದಾಗಬೇಕು. ಜಡಿಮಳೆಗೆ ಎಲ್ಲವೂ ತುಂಬುತ್ತವೆ. ತುಂತುರು ಮಳೆಗಾದರೋ ಚಿಕ್ಕ ಪಾತ್ರೆಗೆ ನಾಲ್ಕೇ ಹನಿ! ಮಂದ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಮರಳು ಎರಚಿದಂತೆ ಚುಕ್ಕೆಗಳು ಕಾಣುವುದು ಇದರಿಂದಲೇ.

ಜಪಾನಿನ ಕ್ಯಾನನ್ ಮತ್ತು ನಿಕಾನ್ ಸಂಸ್ಥೆಗಳು 2007ರಲ್ಲಿ ಎರಡು ಬೇರೆ ದಾರಿ ಹಿಡಿದವು. ಇಬ್ಬರ ಬಿಲ್ಲೆಯೂ ಸುಮಾರು 36 ಮಿ.ಮೀ. ಉದ್ದ, 24 ಮಿ.ಮೀ. ಅಗಲ. ಕ್ಯಾನನ್ ತನ್ನ ‘1ಡಿಎಸ್ ಮಾರ್ಕ್ 3’ರಲ್ಲಿ 21.1 ಮೆಗಾಪಿಕ್ಸೆಲ್ ತುಂಬಿತು; ನಿಕಾನ್ ‘ಡಿ3’ರಲ್ಲಿ 12.1ಕ್ಕೇ ನಿಲ್ಲಿಸಿತು. ನಿಕಾನಿನ ಒಂದೊಂದು ಕೋಶಕ್ಕೂ ಸುಮಾರು ಒಂದೂಮುಕ್ಕಾಲು ಪಟ್ಟು ಹೆಚ್ಚು ಜಾಗ ಸಿಕ್ಕಿತು. ಬೆಳಕಿನ ಸೂಕ್ಷ್ಮತೆಯನ್ನು ಅಳೆಯುವ ಐ.ಎಸ್.ಒ. ಅಂಕಿಯನ್ನು ಡಿ3ರಲ್ಲಿ 25,600ರವರೆಗೆ ಏರಿಸಬಹುದಾಗಿತ್ತು. ಕ್ಯಾನನಿನದು 3,200ಕ್ಕೇ ಮುಗಿಯುತ್ತಿತ್ತು. ಹಗಲಲ್ಲಿ ಸೀರೆಯ ನೇಯ್ಗೆಯ ಎಳೆ ಎಣಿಸಲು ಕ್ಯಾನನ್ ಮೇಲು. ರಾತ್ರಿಯ ಯಕ್ಷಗಾನಕ್ಕೆ ನಾವಾದರೆ ನಿಕಾನನ್ನೇ ಒಯ್ಯುತ್ತಿದ್ದೆವು.

ಹಾಗೆಂದು ಕ್ಯಾನನ್ ಹಿಂದುಳಿದ ಸಂಸ್ಥೆಯಲ್ಲ. ಇಷ್ಟು ದೊಡ್ಡ ಬಿಲ್ಲೆಯ ಕ್ಯಾಮರಾವನ್ನು ಅದು 2002ರಲ್ಲೇ ತಂದಿತ್ತು. ನಿಕಾನಿಗೆ ಡಿ3ವೇ ಮೊದಲನೆಯದು. ಆದರೆ ಚಲನಚಿತ್ರವನ್ನೂ ತೆಗೆಯಬಲ್ಲ ಮೊದಲ ಡಿ.ಎಸ್.ಎಲ್.ಆರ್. ಕ್ಯಾಮರಾ 2008ರಲ್ಲಿ ಬಂದದ್ದು ನಿಕಾನಿನಿಂದ. ಇವರಿಬ್ಬರ ಜಗಳದ ನಡುವೆ ಸೋನಿ 2013ರಲ್ಲಿ ಒಳಗಿನ ಕನ್ನಡಿಯನ್ನೇ ತೆಗೆದುಹಾಕಿ, ಅಷ್ಟೇ ದೊಡ್ಡ ಬಿಲ್ಲೆಯ ಹಗುರ ಕ್ಯಾಮರಾ ‘ಎ7’ ಅನ್ನು ಮಾರುಕಟ್ಟೆಗೆ ತಂದಿತು. ಉಳಿದಿಬ್ಬರು ದೊಡ್ಡ ಬಿಲ್ಲೆಯೊಡನೆ ಆ ದಾರಿಗೆ ಬಂದದ್ದು 2018ರಲ್ಲಿ. ತಮಾಷೆಯೆಂದರೆ ನಿಕಾನಿನ ಹಲವು ಕ್ಯಾಮರಾಗಳ ಬಿಲ್ಲೆಯನ್ನು ಸೋನಿಯೇ ಮಾಡಿಕೊಟ್ಟಿದೆ! ಹೆಸರು ಒಬ್ಬರದು, ಕಣ್ಣು ಇನ್ನೊಬ್ಬರದು.

ಈಗಿನ ಬಿಲ್ಲೆಗಳು ಬಹಳ ಸುಧಾರಿಸಿ, ಚಿಕ್ಕ ಕೋಶ ದೊಡ್ಡ ಕೋಶಗಳ ಅಂತರ ಕಡಿಮೆಯಾಗಿದೆ. ಆದರೂ ಲೆಕ್ಕ ಹಾಕಿ ನೋಡಿ. ಡಿ3ರ ಚಿತ್ರದಲ್ಲಿ ಉದ್ದಕ್ಕೆ 4256, ಅಗಲಕ್ಕೆ 2832 ಚುಕ್ಕೆಗಳು. ಉತ್ತಮ ಮುದ್ರಣಕ್ಕೆ ಅಂಗುಲಕ್ಕೆ 300 ಚುಕ್ಕೆ ಸಾಕು. ಅಂದರೆ 14 ಅಂಗುಲ ಉದ್ದ, 9 ಅಂಗುಲ ಅಗಲದ ಚಿತ್ರ. ನಿಮ್ಮ ಕೈಯಲ್ಲಿರುವ ಈ ಸಂಚಿಕೆಯ ಪುಟ ಅಷ್ಟು ದೊಡ್ಡದಿಲ್ಲ.